ಆನೆ ನಗಬಾರದು, ನೋಡೋರು ನಗಬೇಕು

ಬೆಂಗಳೂರಲ್ಲಿ ಅನಿಮೇಷನ್ ಫೀಲ್ಡಲ್ಲಿ ಇರೋರಿಗೆ ಗೊತ್ತಿರುತ್ತೆ, ನಮ್ ಸ್ಟುಡಿಯೋಗಳಿಗೆ ಹೊರಗಡೆಯಿಂದ ಬರೋ ಟಿವಿ ಸೀರೀಸ್ ಕೆಲಸದಲ್ಲಿ ಫ್ರಾನ್ಸಿಂದ ಬರೋದೂ ಇರುತ್ತೆ. ಕಥೆ, ಡಿಸೈನ್, ಸ್ಟೋರಿಬೋರ್ಡ್, ಅನಿಮ್ಯಾಟಿಕ್ (ಸ್ಟೋರಿಬೋರ್ಡ್ ಚಿತ್ರಗಳನ್ನೇ ಟೈಮಿಂಗ್ ಪ್ರಕಾರ ಜೋಡಿಸಿದ ಕಚ್ಚಾ ವಿಡಿಯೋ) ಎಲ್ಲಾ ಅಲ್ಲೇ ರೆಡಿಯಾಗಿ ಬರುತ್ತೆ, ಕ್ಯಾರೆಕ್ಟರನ್ನ ನಡೆಸೋದು ಓಡಿಸೋದು ಬೀಳಿಸೋದು ನಮ್ ಕೆಲಸ. ನಾನು ಅಂಥ ಒಂದು ಟೀಮ್‌ಗೆ ಲೀಡ್. ಈಗ ನಡೀತಿರೋ ಶೋ ಹೆಸರು ಹೇಳೋ ಹಾಗಿಲ್ಲ, ಗುಟ್ಟು ಬಿಟ್ಟುಕೊಡಲ್ಲ ಅನ್ನೋ ಒಪ್ಪಂದಕ್ಕೆ (ಎನ್‌ಡಿಎ) ಸೈನ್ ಹಾಕಿದೀವಿ. ಒಂದಷ್ಟು ಪ್ರಾಣಿ ಗೆಳೆಯರು, ಎಪಿಸೋಡಿಗೊಂದು ಆಟ, ಒಂದು ಡೈಲಾಗೂ ಇಲ್ಲ, ಇಷ್ಟು ಮಾತ್ರ ಹೇಳಬಹುದು.

ಹೊಸದಾಗಿ ಸೇರಿದ ಹುಡುಗ ಹುಡುಗೀರಿಗೆ ಮೊದಲ ವಾರ ನಾನು ಶಾಟ್ ಕೊಡಲ್ಲ, 'ಅಥ್ಲೆಟಿಕಸ್' ತೋರಿಸ್ತೀನಿ. ನಿಕೊಲಾ ದೆವೋ ಅನ್ನೋ ಫ್ರೆಂಚ್ ಡೈರೆಕ್ಟರ್ ಮಾಡಿದ ಸೀರೀಸ್ ಅದು, 2018ರಲ್ಲಿ ಆರ್ಟೆ ಚಾನೆಲಲ್ಲಿ ಬಂತು, ಒಂದೊಂದು ಎಪಿಸೋಡ್ ಎರಡು ನಿಮಿಷ ಚಿಲ್ಲರೆ ಅಷ್ಟೇ. ಕಾಡಲ್ಲಿ ಇರಬೇಕಾದ ಪ್ರಾಣಿಗಳು ಸ್ಟೇಡಿಯಮ್ಮಲ್ಲಿ, ಜಿಮ್ನಾಸ್ಟಿಕ್ಸ್ ಹಾಲಲ್ಲಿ ಮನುಷ್ಯರ ಆಟ ಆಡ್ತವೆ, ಆಮೇಲಿನ ಸೀಸನ್ನಲ್ಲಿ ಹಿಮದ ಮೇಲಿನ ಆಟಗಳೂ ಬಂದ್ವು. ಮಾತಿಲ್ಲ, ಹಾಡಿಲ್ಲ, ಬಟ್ಟೆ ಹಾಕಿಸಿ ಮನುಷ್ಯರ ಥರ ಕುಣಿಸೋದೂ ಇಲ್ಲ. ಮೈ, ಚರ್ಮ, ನಡಿಗೆ ಎಲ್ಲಾ ನಿಜವಾದ ಪ್ರಾಣಿದೇ.

ದೆವೋ ಮಾಡಿದ ಶಾರ್ಟ್ ಫಿಲ್ಮ್‌ಗಳ ಹೆಸರು ನೋಡಿದ್ರೇನೇ ಅರ್ಧ ಪಾಠ ಆಗೋಗುತ್ತೆ. 2004ರ '7 ಟನ್ 2', ಆನೆ ಟ್ರ್ಯಾಂಪೊಲಿನ್ ಮೇಲೆ ಹಾರೋದು. 2013ರ '5 ಮೀಟರ್ 80', ಜಿರಾಫೆಗಳ ಹಿಂಡು ಜನ ಯಾರೂ ಇಲ್ಲದ ಸ್ವಿಮ್ಮಿಂಗ್ ಪೂಲಿಗೆ ಬಂದು ಸಾಲಾಗಿ ಡೈವ್ ಹೊಡೆಯೋದು. '1 ಮೀಟರ್/ಗಂಟೆ', ಬಸವನಹುಳುಗಳು ವಿಮಾನದ ರೆಕ್ಕೆ ಮೇಲೆ ಡ್ಯಾನ್ಸ್ ಮಾಡೋದು. ಒಂದು ತೂಕ, ಒಂದು ಎತ್ತರ, ಒಂದು ವೇಗ. ತಮಾಷೆ ಎಲ್ಲಿದೆ ಅಂತ ಹುಡುಕಾಡೋ ಅಗತ್ಯನೇ ಇಲ್ಲ, ಪ್ರಾಣಿ ಮೈಯಲ್ಲೇ ಇದೆ. ದೊಡ್ಡಾನೆ ನಾಲ್ಕೂ ಕಾಲು ಎತ್ತಿ ಹಾರಲ್ಲ, ಜೋರಾಗಿ ಓಡುವಾಗ್ಲೂ ಒಂದು ಕಾಲಾದ್ರೂ ನೆಲದ ಮೇಲೆ ಇದ್ದೇ ಇರುತ್ತೆ. ಅಂಥದ್ದನ್ನ ಟ್ರ್ಯಾಂಪೊಲಿನ್ ಮೇಲೆ ನಿಲ್ಲಿಸಿದ್ರೆ ಸಾಕು, ಮುಂದಿಂದು ಆ ಬಟ್ಟೆ ಎಷ್ಟು ಕೆಳಗೆ ಜಗ್ಗುತ್ತೆ, ಎಷ್ಟೊತ್ತಿಗೆ ವಾಪಸ್ ಮೇಲೆ ಬರುತ್ತೆ ಅನ್ನೋ ಲೆಕ್ಕ.

ಆದ್ರೆ ಆ ಲೆಕ್ಕದಲ್ಲೇ ನಮ್ಮೋರು ಎಡವೋದು.

ಒಂದು ಶಾಟ್ ಹೇಳ್ತೀನಿ. ಆನೆ ಬ್ಯಾಡ್ಮಿಂಟನ್ ಆಡ್ತಿರುತ್ತೆ, ಸೊಂಡಿಲಲ್ಲಿ ರಾಕೆಟ್, ಎದುರಾಳಿ ಹೊಡೆದ ಶಟಲ್ ನೆಟ್ಟಿಗೆ ತಾಗಿ ಆನೆ ಕಡೆನೇ, ಕಾಲ ಹತ್ರನೇ ಬಿದ್ದುಬಿಡುತ್ತೆ. ಪಾಯಿಂಟ್ ಹೋಯ್ತು. ನಾಲ್ಕು ಸೆಕೆಂಡಿನ ಶಾಟು. ಇದು ಹೋಗಿದ್ದು ಹುಬ್ಬಳ್ಳಿ ಕಡೆಯ ಒಬ್ಬ ಹುಡುಗನ ಕೈಗೆ, ಕೈಚಳಕ ಇರೋನೇ, ಚಲನೆಯನ್ನ ಗೆರೆಗಳಾಗಿ ತೋರಿಸೋ ಗ್ರಾಫ್ ಎಡಿಟರಲ್ಲಿ ಅವನ ಕರ್ವ್ ನೋಡಿದ್ರೆ ಖುಷಿಯಾಗುತ್ತೆ, ಆದ್ರೆ ಅವನು ಆ ನಾಲ್ಕು ಸೆಕೆಂಡಲ್ಲಿ ಆನೆಗೆ ಮೊದ್ಲು ಹುಬ್ಬೇರಿಸ್ದ, ಆಮೇಲೆ ಬಾಯಿ ತೆರೆಸ್ದ, ಕಿವಿ ಬೀಸಿಸ್ದ, ರಾಕೆಟ್ ನೆಲಕ್ಕೆ ಕುಟ್ಟಿಸ್ದ, ಕೊನೆಗೆ ಕ್ಯಾಮೆರಾ ಕಡೆ ತಿರುಗಿಸಿ ಒಂದು ಅಳುಮುಖ ಬೇರೆ. ಪ್ಲೇಬ್ಲಾಸ್ಟ್, ಅಂದ್ರೆ ಶಾಟಿನ ಕಚ್ಚಾ ಪ್ರಿವ್ಯೂ, ನೋಡಿ ನಮ್ ರೂಮಲ್ಲಿ ಎಲ್ಲಾ ನಕ್ಕರು, ಚೆನ್ನಾಗಿದೆ ಅಂತಾನೇ ಕಳಿಸಿದ್ವಿ. ಪ್ಯಾರಿಸ್ ನಮಗಿಂತ ಬೇಸಿಗೇಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ ಇರೋದ್ರಿಂದ ನೋಟ್ಸ್ ಯಾವಾಗ್ಲೂ ನಾವು ಬ್ಯಾಗ್ ಹೆಗಲಿಗೆ ಹಾಕೋ ಹೊತ್ತಿಗೇ ಬರುತ್ತೆ. ಅವತ್ತೂ ಹಾಗೇ ಬಂತು: ಆನೆ ನಟನೆ ಮಾಡ್ತಿದೆ, ಆಟ ಆಡ್ತಿಲ್ಲ, ಎಲ್ಲಾ ತೆಗೀರಿ.

ಎಲ್ಲಾ ತೆಗೆದ್ರೆ ಉಳಿಯೋದೇನು ಅಂತ ಹುಡುಗನಿಗೆ ಸಿಟ್ಟು. ಇಬ್ರೂ ಕೂತು ಒಂದೊಂದೇ ಕೀ (ಯಾವ ಫ್ರೇಮಲ್ಲಿ ಯಾವ ಭಂಗಿ ಅನ್ನೋ ಗುರುತು) ಡಿಲೀಟ್ ಮಾಡ್ತಾ ಹೋದ್ವಿ. ಶಟಲ್ ಬಿತ್ತು. ಆನೆ ಅಲ್ಲಾಡಲ್ಲ. ನಮ್ದು ಸೆಕೆಂಡಿಗೆ 25 ಫ್ರೇಮಿನ ಪ್ರಾಜೆಕ್ಟು, ಯುರೋಪಿನ ಟಿವಿ ಅಲ್ವಾ, ಅದರಲ್ಲಿ 40 ಫ್ರೇಮ್, ಅಂದ್ರೆ ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಆನೆ ಸುಮ್ನೆ ನಿಂತಿದೆ, ಹೊಟ್ಟೆ ಮಾತ್ರ ಉಸಿರಿಗೆ ಸ್ವಲ್ಪ ಏರುತ್ತೆ ಇಳಿಯುತ್ತೆ. ಆಮೇಲೆ ಕಣ್ಣು ಮಾತ್ರ ಕೆಳಗೆ ಹೋಗುತ್ತೆ, ತಲೆ ಹೋಗಲ್ಲ. ಆಮೇಲೆ ಎಡಗಾಲ ಮೇಲಿದ್ದ ಭಾರ ಬಲಗಾಲಿಗೆ ಬರುತ್ತೆ, ಭುಜದ ಚರ್ಮ ಎರಡು ಮೂರು ಫ್ರೇಮ್ ತಡವಾಗಿ ಹಿಂದಿಂದ ಬರುತ್ತೆ. ಅಷ್ಟೆ. ಇದನ್ನ ಹಾಕಿದಾಗ ರೂಮಲ್ಲಿ ನಗು ಬಂದಿದ್ದು ಲೇಟಾಗಿ, ಆದ್ರೆ ಬಂದಿದ್ದು ಹೊಟ್ಟೆಯಿಂದ. ಅಪ್ರೂವ್ ಆಯ್ತು, ಹಿಂಗಾಲಲ್ಲಿ ಒಂಚೂರು ಫುಟ್ ಸ್ಲೈಡ್ (ಊರಿದ ಪಾದ ಜಾರಿದ ಹಾಗೆ ಕಾಣೋದು) ಇದೆ ಸರಿ ಮಾಡಿ ಅನ್ನೋ ಒಂದೇ ನೋಟಿನ ಜೊತೆ.

ನಮ್ ಪ್ರೊಡಕ್ಷನ್ ಮ್ಯಾನೇಜರ್ ಮಾತ್ರ ಒಪ್ಪಲಿಲ್ಲ. 'ಏನಪ್ಪಾ, ಒಂದೂವರೆ ಸೆಕೆಂಡ್ ಏನೂ ಅಲ್ಲಾಡ್ತಿಲ್ಲ, ಇದಕ್ಕೆ ಮತ್ತೆ ಎರಡು ದಿನ ತಗೊಂಡ್ರಾ?' ಅಂತ. ಅವರ ಸಂಕಟನೂ ಸರಿನೇ. ಟಿವಿ ಸೀರೀಸಲ್ಲಿ ನಮ್ ಕೋಟಾ ಇರೋದು ಸೆಕೆಂಡ್ ಲೆಕ್ಕದಲ್ಲಿ, ಏನೂ ಅಲ್ಲಾಡದ ಸೆಕೆಂಡಿಗೂ ಅದೇ ರೇಟು, ಆದ್ರೆ ಅಲ್ಲಾಡದೇನೂ ಜೀವ ಇದೆ ಅನ್ನಿಸಬೇಕಂದ್ರೆ ಓಡೋ ಶಾಟಿಗಿಂತ ಜಾಸ್ತಿ ಹೊತ್ತು ಬೇಕು. ಥ್ರೀಡಿಯಲ್ಲಿ ಕೀ ಹಾಕದೆ ಬಿಟ್ರೆ ಪ್ರಾಣಿ ಸುಮ್ನೆ ನಿಂತ ಹಾಗೆ ಕಾಣಲ್ಲ, ಸತ್ತ ಹಾಗೆ ಕಾಣುತ್ತೆ. ಟೂಡಿ ಮಾಡಿ ಬಂದೋರಿಗೆ ಇದು ಒಂದಷ್ಟು ದಿನ ತಲೆಗೆ ಹೋಗಲ್ಲ, ಅಲ್ಲಿ ಒಂದು ಒಳ್ಳೆ ಡ್ರಾಯಿಂಗ್ ಹಿಡಿದಿಟ್ರೆ ನಡೆಯುತ್ತೆ.

ಬೀದಿ ಕ್ರಿಕೆಟ್ಟಲ್ಲಿ ಔಟಾದ್ಮೇಲೂ ಬ್ಯಾಟ್ ಕೊಡದೆ ನಿಂತ ಹುಡುಗ ನೋಡಿ, ಅವನು ನಗ್ತಾ ಇರಲ್ಲ, ಅವನಿಗದು ಪ್ರಾಣಸಂಕಟ, ಕಾಂಪೌಂಡ್ ಮೇಲೆ ಕೂತೋರಿಗೆ ನಗು. ಈ ಶೋಗಳಲ್ಲಿ ಪ್ರಾಣಿಗಳೂ ಹಾಗೇ ಆಡಬೇಕು. ತಾನು ಕಾಮಿಡಿಯಲ್ಲಿದೀನಿ ಅಂತ ಆನೆಗೆ ಗೊತ್ತಾದ ತಕ್ಷಣ ಮುಗೀತು. ದಿನದ ಶಾಟ್‌ಗಳನ್ನ ಕೂತು ನೋಡೋ ಡೈಲೀಸಲ್ಲಿ ನಾನು ಕೇಳೋ ಮೊದಲ ಪ್ರಶ್ನೆ ಇದೇ, ಇದಕ್ಕೆ ಗೆಲ್ಲಬೇಕು ಅನ್ನೋ ಆಸೆ ಇದೆಯಾ? ಫನ್ನಿ ಆಗಿದೆಯಾ ಅಂತ ಕೇಳೋದು ನಿಲ್ಲಿಸಿಬಿಟ್ಟಿದೀನಿ.

ಮಾತಿಲ್ಲದ್ದನ್ನ ಫ್ರೆಂಚರು ಇಷ್ಟು ಮಾಡೋದ್ಯಾಕೆ ಅಂತ ಹುಡುಗರು ಕೇಳ್ತಾರೆ. ಕಲೆ ಗಿಲೆ ಎಲ್ಲಾ ಇದ್ದಿದ್ದೇ, ಬಿಸಿನೆಸ್ಸೂ ಇದೆ. ಆರ್ಟೆ ಅನ್ನೋದೇ ಫ್ರಾನ್ಸ್ ಜರ್ಮನಿ ಎರಡೂ ಸೇರಿ ನಡೆಸೋ ಚಾನೆಲ್, ಡೈಲಾಗಿಲ್ಲದ ಶೋ ಆದ್ರೆ ಎರಡು ಕಡೆಗೂ ಡಬ್ಬಿಂಗ್ ತಲೆನೋವಿಲ್ಲ, ಬೇರೆ ಯಾವ ದೇಶಕ್ಕೆ ಮಾರಿದ್ರೂ ಹಾಗೇ ಓಡುತ್ತೆ. ಟಿವೀಲಿ ಬರೋ 'ಆಗ್ಗಿ ಅಂಡ್ ದಿ ಕಾಕ್ರೋಚಸ್' ಕಾರ್ಟೂನೂ ಫ್ರಾನ್ಸಿಂದೇ, 1998ರಲ್ಲಿ ಶುರುವಾಗಿದ್ದು, ಮೂಲದಲ್ಲಿ ಅದೂ ಮಾತಿಲ್ಲದ ಶೋನೇ. ಇಲ್ಲಿ ಹಿಂದೀಲಿ ಬಂದಾಗ ಅದಕ್ಕೆ ಶಾರುಖ್ ಖಾನ್ ಧಾಟಿಯ ದನಿ ಹಾಕಿ ಉದ್ದುದ್ದ ಡೈಲಾಗ್ ತುಂಬಿದ್ರು, ಇಲ್ಲಿನ ಮಕ್ಕಳಿಗೆ ಆಗ್ಗಿ ಅಂದ್ರೆ ಆ ದನಿನೇ. ಅದನ್ನ ತಪ್ಪು ಅನ್ನಲ್ಲ, ನಮ್ಮನೇಲೂ ಬಿದ್ದು ಬಿದ್ದು ನಗ್ತಾ ನೋಡಿದಾರೆ. ಆದ್ರೆ ಅದನ್ನ ನೋಡಿ ಬೆಳೆದು ಈಗ ಅನಿಮೇಟರ್ ಆಗಿರೋ ಹುಡುಗರಿಗೆ ಸುಮ್ಮನಿರೋ ಜಾಗ ಕಂಡ್ರೆ ಭಯ, ಏನಾದ್ರೂ ತುಂಬಲೇಬೇಕು ಅನ್ಸುತ್ತೆ. ಆ ಹುಬ್ಬಳ್ಳಿ ಹುಡುಗನ ಆರು ಎಕ್ಸ್‌ಪ್ರೆಶನ್ ಬಂದಿದ್ದು ಅಲ್ಲಿಂದಾನೇ ಅಂತ ನನ್ನ ಅನುಮಾನ.

ಸೌಂಡ್ ಬಗ್ಗೆ ಬೇರೆ ಬರೀಬೇಕು, ಇಲ್ಲಿ ಚಿಕ್ಕದಾಗಿ ಹೇಳ್ತೀನಿ. ಮಾತಿಲ್ಲದಾಗ ಕಥೆ ಹೇಳೋದು ಆಟದ ಹಾಲ್ ಒಳಗಿನ ಪ್ರತಿಧ್ವನಿ, ಮರದ ನೆಲದ ಕಿರಕಿರ, ಉಸಿರು. ಭಾರ ಕೆಳಗಿಳಿಯೋ ಫ್ರೇಮೂ ಸದ್ದು ಬರೋ ಫ್ರೇಮೂ ಒಂದೆರಡು ಆಚೀಚೆ ಆದ್ರೆ ಆನೆ ರಟ್ಟಿನ ಡಬ್ಬ ಆಗೋಗುತ್ತೆ. ಅದಕ್ಕೇ ಬ್ಲಾಕಿಂಗಲ್ಲೇ, ಅಂದ್ರೆ ಬರೀ ಮುಖ್ಯ ಭಂಗಿಗಳನ್ನ ಹಾಕೋ ಮೊದಲ ಹಂತದಲ್ಲೇ, ನಾವು ಒಂದು ಕಚ್ಚಾ ಸೌಂಡ್ ಟ್ರ್ಯಾಕ್ ಹಾಕ್ಕೋತೀವಿ, ಯಾರೋ ಬಾಯಲ್ಲೇ ಢಬ್ ಅಂದಿದ್ದಾದ್ರೂ ಸರಿ.

ಇನ್ನು ರೆಫರೆನ್ಸ್. ಯೂಟ್ಯೂಬ್ ವಿಡಿಯೋ ನೋಡಿ ಮಾಡಿದ ಜಿರಾಫೆ ನಡಿಗೆ ಎಲ್ಲಾ ಕುದುರೆ ಥರಾನೇ ಇರುತ್ತೆ, ಯಾಕಂದ್ರೆ ಕೈಗೆ ಕುದುರೆ ವಾಕ್ ಸೈಕಲ್ (ಮತ್ತೆ ಮತ್ತೆ ಓಡಿಸೋ ನಡಿಗೆಯ ಒಂದು ಸುತ್ತು) ಅಭ್ಯಾಸ ಆಗಿರುತ್ತೆ. ಮೈಸೂರು ಝೂನಲ್ಲಿ ಜಿರಾಫೆ ಮುಂದೆ ಅರ್ಧ ಗಂಟೆ ನಿಂತ್ರೆ ಗೊತ್ತಾಗುತ್ತೆ, ಒಂದೇ ಪಕ್ಕದ ಹಿಂಗಾಲು ಮುಂಗಾಲು ಹೆಚ್ಚುಕಡಿಮೆ ಒಟ್ಟಿಗೇ ಮುಂದೆ ಬರುತ್ತೆ, ಆಮೇಲೆ ಇನ್ನೊಂದು ಪಕ್ಕ, ಕತ್ತು ಅದಕ್ಕೆ ತಕ್ಕ ಹಾಗೆ ಹಿಂದೆ ಮುಂದೆ ತೂಗುತ್ತೆ. ಆ ಕತ್ತಲ್ಲೂ ನಮ್ಮಷ್ಟೇ ಏಳು ಮೂಳೆ, ಹಾಗಾಗಿ ರಿಗ್ಗಲ್ಲಿ (ಕ್ಯಾರೆಕ್ಟರನ್ನ ಅಲ್ಲಾಡಿಸೋಕೆ ಒಳಗೆ ಹಾಕೋ ಡಿಜಿಟಲ್ ಅಸ್ಥಿಪಂಜರ) ಅದನ್ನ ಹಾವಿನ ಥರ ಬಳುಕಿಸಿದ್ರೆ ಕಣ್ಣಿಗೆ ಸುಳ್ಳು ಅಂತ ತಕ್ಷಣ ಗೊತ್ತಾಗುತ್ತೆ.

ಆನೆ ಭಾರಕ್ಕೆ ಮಾತ್ರ ದಸರಾ ತಾಲೀಮಿಗಿಂತ ಒಳ್ಳೆ ಕ್ಲಾಸ್ ಜಗತ್ತಲ್ಲೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಕಾಡಿನ ಕ್ಯಾಂಪಿಂದ ಬಂದ ಆನೆಗಳನ್ನ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ಹಾಕ್ತಾರೆ, ಅಭಿಮನ್ಯು 5 ಟನ್ ದಾಟ್ತಾನೆ. ಆಮೇಲೆ ಅರಮನೆಯಿಂದ ಬನ್ನಿಮಂಟಪಕ್ಕೆ ನಡೆಸ್ತಾರೆ, ಮೊದ್ಲು ಬರೀ ಮೈಯಲ್ಲಿ, ಆಮೇಲೆ ಬೆನ್ನ ಮೇಲೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ, ಕೊನೆಗೆ ಹಬ್ಬದ ದಿನ 750 ಕೆಜಿ ಚಿನ್ನದ ಅಂಬಾರಿ. ಅದೇ ಆನೆ, ಅದೇ ರಸ್ತೆ, ಭಾರ ಮಾತ್ರ ಬೇರೆ ಬೇರೆ. ಮೂಟೆ ಇರೋ ದಿನ ಇಲ್ಲದ ದಿನ ಎರಡೂ ವಿಡಿಯೋ ಪಕ್ಕಪಕ್ಕ ಇಟ್ಟು ಫ್ರೇಮ್ ಫ್ರೇಮ್ ನೋಡಿದ್ರೆ ಹೆಜ್ಜೆ ಯಾವಾಗ ಊರುತ್ತೆ, ಬೆನ್ನು ಯಾವಾಗ ತೂಗುತ್ತೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಸಲ ತಾಲೀಮು ಶುರುವಾದಾಗ ಟೀಮನ್ನ ಕರ್ಕೊಂಡು ಹೋಗ್ತಿದೀನಿ. ಬೇರೆ ಸ್ಟುಡಿಯೋದೋರು, ಸ್ಟೂಡೆಂಟ್ಸ್ ಯಾರು ಬೇಕಾದ್ರೂ ಜೊತೆಗೆ ಬರಬಹುದು. ಬೆಳಗಿನ ನಡಿಗೆಗೆ ಬೇಗ ಹೋಗಿ ರಸ್ತೆ ಪಕ್ಕ ಜಾಗ ಹಿಡೀಬೇಕು, ಟ್ರೈಪಾಡ್ ಆನೆಯ ಮೊಣಕಾಲು ಎತ್ತರಕ್ಕೆ ಇಡಿ, ಶುದ್ಧ ಸೈಡ್ ವ್ಯೂ ಸಿಗಬೇಕು, ಮೊಬೈಲಾದ್ರೂ ಪರವಾಗಿಲ್ಲ ಸೆಟ್ಟಿಂಗಲ್ಲಿ ಸೆಕೆಂಡಿಗೆ 50 ಫ್ರೇಮ್ ಇದ್ರೆ 50ಕ್ಕೆ ಹಾಕಿ, ಆಮೇಲೆ 25ಕ್ಕೆ ಇಳಿಸೋದು ಸುಲಭ. ಫ್ಲ್ಯಾಶ್ ಬೇಡ, ಸೆಲ್ಫಿ ಅಂತ ಆನೆ ಹತ್ರ ಹೋಗೋದು ಬೇಡವೇ ಬೇಡ, ಮಾವುತರು ಬೈತಾರೆ, ಬೈಯಲೂಬೇಕು.