ಜ್ವರದ ಮಗುವಿನ ಬಾಯಿ ಒಂದು ಕಡೆ ಎಳೆದರೆ ಹೃದಯವನ್ನೂ ನೋಡಿ

ಮಕ್ಕಳ ವಾರ್ಡಿನಲ್ಲಿ ಕವಾಸಾಕಿ ಕಾಯಿಲೆ ಅಂದ ಕೂಡಲೇ ಎಲ್ಲರೂ ಹೃದಯದ ಬಗ್ಗೆ ಮಾತಾಡುತ್ತಾರೆ. ಅದು ಸರಿಯೇ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು 25% ಮಂದಿಗೆ ಹೃದಯದ ರಕ್ತನಾಳ ಉಬ್ಬುತ್ತದೆ. ಆದರೆ ಇದು ರಕ್ತನಾಳಗಳ ಉರಿಯೂತ, ಮೆದುಳು, ನರಗಳನ್ನು ಬಿಟ್ಟುಬಿಡುತ್ತದೆ ಅಂತೇನಿಲ್ಲ ಅಲ್ವಾ?

ನಮ್ಮಲ್ಲಿಗೆ ಬಂದ ಒಂದು ಕೂಸಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಜ್ವರ ಬಿಡುತ್ತಿಲ್ಲ, ಎತ್ತಿಕೊಂಡರೂ ಅಳು ನಿಲ್ಲುತ್ತಿಲ್ಲ. ಬೆನ್ನಿನಿಂದ ತೆಗೆದ ನೀರಿನಲ್ಲಿ ಬಿಳಿ ರಕ್ತಕಣ ಜಾಸ್ತಿ ಇತ್ತು, ರೋಗಾಣು ಬೆಳೆಸಿ ನೋಡುವ ಕಲ್ಚರಿನಲ್ಲಿ ಮಾತ್ರ ಏನೂ ಬೆಳೆಯಲಿಲ್ಲ. ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು, ಅಂತ ಆಂಟಿಬಯಾಟಿಕ್ ನಡೆಯುತ್ತಿತ್ತು. ಆಗ ತಾಯಿ, "ಡಾಕ್ಟ್ರೇ, ಅಳುವಾಗ ಇವನ ಬಾಯಿ ಒಂದು ಕಡೆಗೆ ಹೋಗ್ತಿದೆ ನೋಡಿ" ಅಂದರು. ನೋಡಿದರೆ ಇನ್ನೊಂದು ಪಕ್ಕದ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ. ಕಣ್ಣು ಕೆಂಪಗಿದ್ದರೂ ಪಿಸುರಿಲ್ಲ, ತುಟಿ ಬಿರಿದಿತ್ತು, ಬಿಸಿಜಿ ಲಸಿಕೆ ಹಾಕಿದ್ದ ಜಾಗ ಹೊಸದಾಗಿ ಕೆಂಪೇರಿತ್ತು. ಇವೆಲ್ಲ ಕವಾಸಾಕಿಯ ಗುರುತುಗಳು. ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿದಾಗ ಹೃದಯದ ರಕ್ತನಾಳ ಆಗಲೇ ಹಿಗ್ಗಿತ್ತು.

ಮುಖದ ನರ ಸೋಲುವುದು ಈ ಕಾಯಿಲೆಯಲ್ಲಿ ಅಪರೂಪ. ಬಂದರೆ ಸಾಮಾನ್ಯವಾಗಿ ಒಂದೇ ಪಕ್ಕಕ್ಕೆ, ಅದೂ ಎಳೆಗೂಸುಗಳಿಗೇ ಜಾಸ್ತಿ, ಮತ್ತು ಅಂಥ ಮಕ್ಕಳಲ್ಲಿ ಹೃದಯದ ರಕ್ತನಾಳ ಕೆಟ್ಟಿರುವ ಸಂಭವವೂ ಹೆಚ್ಚು. ಮುಖ ಹೆಚ್ಚಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಹೃದಯಕ್ಕೆ ಆ ಭರವಸೆ ಇಲ್ಲ. ಐವಿಐಜಿ, ಅಂದರೆ ಕಿಲೋಗೆ 2 ಗ್ರಾಂನಂತೆ 10-12 ಗಂಟೆ ಹನಿಸುವ ಇಮ್ಯುನೊಗ್ಲಾಬ್ಯುಲಿನ್, ಜ್ವರ ಶುರುವಾದ 10 ದಿನದೊಳಗೆ ಹೋಗಿಬಿಟ್ಟರೆ ಒಳ್ಳೆಯದು. ಎಳೆಗೂಸುಗಳಲ್ಲಿ ಲಕ್ಷಣಗಳೆಲ್ಲ ಒಟ್ಟಿಗೆ ಕಾಣಿಸಲಿ ಅಂತ ಕಾಯುತ್ತಾ ಕೂತರೆ ಆ ಹೊತ್ತು ಸುಮ್ನೆ ಕಳೆದುಹೋಗುತ್ತದೆ.

ಐವಿಐಜಿ ಕೊಟ್ಟ ಒಂದೆರಡು ದಿನದಲ್ಲಿ ತಲೆನೋವು, ವಾಂತಿ ಬಂದರೆ ಆ ಔಷಧಿಯೇ ಮೆದುಳಿನ ಪೊರೆಯನ್ನು ಕೆರಳಿಸಿರಬಹುದು, ಅದೂ ನೆನಪಿರಲಿ. ಇನ್ನು ಕಾಯಿಲೆಯಿಂದಲೇ ಫಿಟ್ಸ್, ನಡೆಯುವಾಗ ತೂರಾಡುವುದು, ತೀರಾ ಅಪರೂಪಕ್ಕೆ ಸ್ಟ್ರೋಕ್ ಕೂಡ ಆಗುವುದುಂಟು.

ನನಗೆ ಜಾಸ್ತಿ ಚಿಂತೆ ಕಿವಿಯದ್ದು. ಕೇಳಿಸುವ ನರಕ್ಕೆ ಪೆಟ್ಟು ಬಿದ್ದರೆ ಕೆಲವರಲ್ಲಿ ಅದು ಹಾಗೇ ಉಳಿದುಬಿಡುತ್ತದೆ, ಮಾತು ಬಾರದ ಕೂಸು ಹೇಳುವುದಾದರೂ ಹೇಗೆ? ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಎಕೋ ತಾರೀಕಿನ ಕೆಳಗೇ ಕಿವಿ ಪರೀಕ್ಷೆಯ ತಾರೀಕನ್ನೂ ಬರೆದು ಕೊಡುತ್ತೇನೆ.