ಗೆಟಿಸ್‌ಬರ್ಗ್‌ಗೆ ಹೊರಟಿದ್ದೀರಾ? ಕುಶಿಂಗ್ ನಿಂತ ಜಾಗ ನೋಡಿ ಬನ್ನಿ

ಊರಿಂದ ಅಪ್ಪ ಅಮ್ಮ ಬಂದಾಗ ಅಮೆರಿಕದಲ್ಲಿರುವ ನಮ್ಮವರು ನಯಾಗರ, ನ್ಯೂಯಾರ್ಕ್, ವಾಷಿಂಗ್ಟನ್ ಎಲ್ಲ ಸುತ್ತಿಸುತ್ತಾರೆ. ವಾಷಿಂಗ್ಟನ್‌ವರೆಗೆ ಹೋದವರು ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್‌ಗೂ ಒಂದು ಇಡೀ ದಿನ ಕೊಡಿ. ಕಾರಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ ದಾರಿ. ಸ್ವಂತದ್ದೋ ಬಾಡಿಗೆಯದೋ, ಕಾರಂತೂ ಬೇಕೇ ಬೇಕು.

1863ರ ಜುಲೈ 1ರಿಂದ 3ರವರೆಗೆ ಅಮೆರಿಕದ ಅಂತರ್ಯುದ್ಧ ಸಿವಿಲ್ ವಾರ್‌ನ ಅತಿ ದೊಡ್ಡ ಕಾಳಗ ನಡೆದದ್ದು ಇಲ್ಲೇ. ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳ ಸೈನ್ಯ ಒಂದು ಕಡೆ, ಒಕ್ಕೂಟದ, ಅಂದರೆ ಅಮೆರಿಕ ಸರ್ಕಾರದ, ಸೈನ್ಯ ಇನ್ನೊಂದು ಕಡೆ. ಈಗ ಅಲ್ಲಿ 1,300ಕ್ಕೂ ಜಾಸ್ತಿ ಸ್ಮಾರಕಗಳಿವೆ. ಕಾರಿನಲ್ಲೇ ನೋಡುವ ದಾರಿ 24 ಮೈಲಿ. ಎಲ್ಲವನ್ನೂ ನೋಡಲು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತವೆ. ಅದರ ಬದಲು ಒಬ್ಬ ಸೈನಿಕನನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ, ಒಕ್ಕೂಟದ ಕಡೆಯ ಅಲೊಂಜೊ ಕುಶಿಂಗ್.

ಕುಶಿಂಗ್ ಹುಟ್ಟಿದ್ದು 1841ರಲ್ಲಿ, ವಿಸ್ಕಾನ್ಸಿನ್‌ನ ಡೆಲಾಫೀಲ್ಡ್‌ನಲ್ಲಿ. ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಫ್ರೆಡೋನಿಯಾದಲ್ಲಿ. 1861ರ ಜೂನ್‌ನಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯ ಓದು ಮುಗಿಯಿತು, ನೇರ ಯುದ್ಧಕ್ಕೆ ಹೋದ. ಗೆಟಿಸ್‌ಬರ್ಗ್‌ಗೆ ಬರುವಾಗ ವಯಸ್ಸು 22. ಅವನ ಕೈಯಲ್ಲಿ ಆರು ಫಿರಂಗಿಗಳ ಒಂದು ಪಡೆ.

ಬೆಳಗ್ಗೆ ಮೊದಲು ವಿಸಿಟರ್ ಸೆಂಟರ್‌ಗೆ ಹೋಗಿ. ರಣಭೂಮಿಗೆ ಟಿಕೆಟ್ ಇಲ್ಲ, ಮ್ಯೂಸಿಯಂಗೆ ಇದೆ. ದುಡ್ಡು ಕೊಟ್ಟು ನೋಡಲೇಬೇಕಾದದ್ದು ಸೈಕ್ಲೊರಾಮ. 1880ರ ದಶಕದಲ್ಲಿ ಬರೆದ, ನಮ್ಮ ಸುತ್ತಲೂ ಹಬ್ಬಿರುವ ವೃತ್ತಾಕಾರದ ದೊಡ್ಡ ಚಿತ್ರ ಅದು. ಕಾಳಗದ ಮೂರನೇ ದಿನ ನಡೆದ, ಕುಶಿಂಗ್ ಸತ್ತ ದಾಳಿಯೇ ಅದರಲ್ಲಿರುವುದು. ಅದನ್ನು ನೋಡಿ ಹೊರಗೆ ಹೋದರೆ ಯಾವ ದಿಬ್ಬ ಎಲ್ಲಿ ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಅಲ್ಲಿ ಲೈಸೆನ್ಸ್ ಇರುವ ಗೈಡ್‌ಗಳು ಸಿಗುತ್ತಾರೆ, ನಿಮ್ಮ ಕಾರಿನಲ್ಲೇ ಕೂತು ಬರುತ್ತಾರೆ. ವಯಸ್ಸಾದವರು ಜೊತೆಗಿದ್ದರೆ ಇದು ತುಂಬಾ ಅನುಕೂಲ. ಮುಂಚೆಯೇ ಬುಕ್ ಮಾಡಿ, ಕುಶಿಂಗ್ ವಿಷಯ ಹೇಳಬೇಕು ಅಂತ ಕೇಳಿಕೊಳ್ಳಿ.

ಆಮೇಲೆ ಸೆಮೆಟರಿ ರಿಡ್ಜ್ ದಿಬ್ಬದ ಮೇಲಿನ 'ದಿ ಆ್ಯಂಗಲ್' ಅನ್ನುವ ಜಾಗಕ್ಕೆ ಬನ್ನಿ. ಕಲ್ಲು ಜೋಡಿಸಿ ಕಟ್ಟಿದ ಮೋಟುಗೋಡೆಯೊಂದು ಇಲ್ಲಿ ಮೂಲೆ ತಿರುಗುತ್ತದೆ. ಪಕ್ಕದಲ್ಲೇ ಒಂದು ಸಣ್ಣ ತೋಪು. ಜುಲೈ 3ರ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಎದುರಿನ ದಿಬ್ಬದಿಂದ ದಕ್ಷಿಣದವರ ಫಿರಂಗಿ ದಾಳಿ ಶುರುವಾಯಿತು. ಕುಶಿಂಗ್ ಭುಜಕ್ಕೆ ಪೆಟ್ಟು ಬಿತ್ತು, ಆಮೇಲೆ ಕೆಳಹೊಟ್ಟೆಗೆ. ಹಿಂದಕ್ಕೆ ಹೋಗಿ ಅಂದರೂ ಕೇಳಲಿಲ್ಲ. ಉಳಿದ ಫಿರಂಗಿಗಳನ್ನು ಗೋಡೆಯ ಹತ್ತಿರಕ್ಕೇ ತಳ್ಳಿಸಿದ. ಕೂಗಿ ಹೇಳಲು ದನಿಯೇ ಇರಲಿಲ್ಲ. ಸಾರ್ಜೆಂಟ್ ಫ್ರೆಡರಿಕ್ ಫ್ಯೂಗರ್ ಅವನನ್ನು ಹಿಡಿದು ನಿಲ್ಲಿಸಿಕೊಂಡು, ಅವನು ಹೇಳಿದ್ದನ್ನು ತಾನು ಕೂಗಿ ಹೇಳುತ್ತಿದ್ದ. ಕೊನೆಗೆ ಗುಂಡು ಬಾಯಿಗೇ ತಗುಲಿತು.

ಅಲ್ಲಿರುವ ಫಿರಂಗಿಯ ಹಿಂಭಾಗವನ್ನು ಬಗ್ಗಿ ನೋಡಿ. ಮೇಲೆ ಒಂದು ಸಣ್ಣ ತೂತು ಇರುತ್ತದೆ. ಮದ್ದು ತುಂಬುವಾಗ ಒಬ್ಬ ಅದನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿರಬೇಕು. ಗಾಳಿ ಆಡಿದರೆ ಒಳಗೆ ಉಳಿದ ಕಿಡಿ ಹೊತ್ತಿಕೊಂಡು, ತುಂಬುತ್ತಿರುವವನ ಮೇಲೇ ಸಿಡಿಯಬಹುದು. ಬೆರಳು ಸುಡದಿರಲಿ ಅಂತ ಚರ್ಮದ ಕವಚ ಹಾಕಿಕೊಳ್ಳುತ್ತಿದ್ದರು. ಕುಶಿಂಗ್ ಕವಚವಿಲ್ಲದೆ ಬರಿ ಹೆಬ್ಬೆರಳು ಒತ್ತಿ ಹಿಡಿದಿದ್ದ ಅಂತ ಹೇಳುತ್ತಾರೆ. ಮಕ್ಕಳಿಗೆ ಈ ತೂತು ತೋರಿಸಿ ಹೇಳಿದರೆ ಬೋರ್ಡ್ ಓದಿಸುವುದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಫಿರಂಗಿ ಮೇಲೆ ಹತ್ತಲು ಬಿಡಬೇಡಿ.

ಕಾಲಲ್ಲಿ ಶಕ್ತಿ ಇರುವವರು ಎದುರಿನ ವರ್ಜೀನಿಯಾ ಸ್ಮಾರಕದಿಂದ ಈ ಗೋಡೆಯವರೆಗೆ ಬಯಲಿನಲ್ಲಿ ನಡೆದು ಬನ್ನಿ. ಒಂದು ಮೈಲಿಯೊಳಗೇ. ಅಂದು ಫಿರಂಗಿ ದಾಳಿಯ ಬೆನ್ನಿಗೆ ದಕ್ಷಿಣದ ಹನ್ನೆರಡು ಸಾವಿರದಷ್ಟು ಸೈನಿಕರು ಇದೇ ಬಯಲು ದಾಟಿ ಬಂದರು. ದೂರದಿಂದ ಸಪಾಟಾಗಿ ಕಾಣುವ ನೆಲದಲ್ಲಿ ಎಷ್ಟು ಏರಿಳಿತ ಇದೆ ಅನ್ನುವುದು ನಡೆದರೇ ತಿಳಿಯುವುದು. ನಡುವೆ ಎಮಿಟ್ಸ್‌ಬರ್ಗ್ ರಸ್ತೆ ಅಡ್ಡ ಬರುತ್ತದೆ, ವಾಹನ ಓಡಾಡುತ್ತವೆ, ಜೋಪಾನ. ನೆರಳೇ ಇಲ್ಲ. ಜುಲೈನಲ್ಲಾದರೆ ಟೋಪಿ, ನೀರು ಇರಲಿ. ಉದ್ದ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿ ಹುಳದ ಕಾಟ ಇದೆ, ಪೂರ್ತಿ ಪ್ಯಾಂಟ್ ಹಾಕಿ, ವಾಪಸ್ ಬಂದ ಮೇಲೆ ಮಕ್ಕಳ ಕಾಲು ನೋಡಿ.

ಊಟಕ್ಕೆ ಚಿತ್ರಾನ್ನವೋ ಮೊಸರನ್ನವೋ ಕಟ್ಟಿಕೊಂಡು ಹೋದರೆ ನೆಮ್ಮದಿ. ಪಿಕ್ನಿಕ್ ಜಾಗಗಳಿವೆ. ಲಿಂಕನ್ ಭಾಷಣ ಮಾಡಿದ ಸೈನಿಕರ ಸ್ಮಶಾನದಲ್ಲಿ ಮಾತ್ರ ಬುತ್ತಿ ಬಿಚ್ಚಬೇಡಿ.

ಫ್ಯೂಗರ್‌ಗೆ ಅಮೆರಿಕದ ಅತಿ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ 1897ರಲ್ಲೇ ಸಿಕ್ಕಿತು. ಕುಶಿಂಗ್‌ಗೆ ಸಿಕ್ಕಿದ್ದು 2014ರ ನವೆಂಬರ್ 6ರಂದು, ಒಬಾಮಾ ಕೈಯಿಂದ. ಅವನು ಸತ್ತು ಅಷ್ಟೊತ್ತಿಗೆ 151 ವರ್ಷ! ಡೆಲಾಫೀಲ್ಡ್‌ನ ಹಿರಿಯ ಮಹಿಳೆಯೊಬ್ಬರು ವರ್ಷಗಟ್ಟಲೆ ಪತ್ರ ಬರೆದು ಬೆನ್ನು ಹತ್ತಿದ್ದರಿಂದ ಅದು ಆಯಿತು. ಅವರ ಬಗ್ಗೆ ನನಗೆ ಕುಶಿಂಗ್ ಬಗ್ಗೆ ಇರುವಷ್ಟೇ ಗೌರವ.

ಅವನ ಸಮಾಧಿ ಇರುವುದು ಗೆಟಿಸ್‌ಬರ್ಗ್‌ನಲ್ಲಲ್ಲ, ನ್ಯೂಯಾರ್ಕ್ ನಗರದಿಂದ ಸುಮಾರು 50 ಮೈಲಿ ದೂರದ ವೆಸ್ಟ್ ಪಾಯಿಂಟ್‌ನಲ್ಲಿ. ಅದು ಸೈನ್ಯದ ಜಾಗ, ಸುಮ್ನೆ ಕಾರು ಓಡಿಸಿಕೊಂಡು ಒಳಗೆ ಹೋಗಲು ಬಿಡುವುದಿಲ್ಲ. ಪ್ರವೇಶದ ನಿಯಮ ಹಿಂದಿನ ದಿನವೇ ನೋಡಿಕೊಳ್ಳಿ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ.