ದಿಬ್ಬದೊಳಗಿನ ಜನ: ಐರ್ಲೆಂಡಿನಲ್ಲಿ ಒಂಬತ್ತು ದಿನ

ಮೊದಲು ನ್ಯೂಗ್ರೇಂಜ್ ಎಂಬ ಪುರಾತನ ಸಮಾಧಿ ದಿಬ್ಬದ ಒಳಗೆ ಹೋಗುವ ಟಿಕೆಟ್ ಬುಕ್ ಮಾಡಿ. ಉಳಿದ ಊರುಗಳನ್ನು ಆ ದಿನದ ಆಚೀಚೆ ಜೋಡಿಸಿಕೊಳ್ಳಿ. ನಾವು ಇದನ್ನೇ ತಿರುಗಿಸಿ ಮಾಡಿ ಕಷ್ಟಪಟ್ಟೆವು. ಉಳಿಯುವ ಮನೆ, ಕಾರು ಎಲ್ಲ ಗೊತ್ತುಮಾಡಿಕೊಂಡು, ಹೊರಡಲು ವಾರವಿದ್ದಾಗ ನೋಡಿದರೆ ನಮಗೆ ಬೇಕಾದ ದಿನ ಒಳಗಿನ ಟಿಕೆಟ್ ಒಂದೂ ಉಳಿದಿರಲಿಲ್ಲ. ಕೊನೆಗೆ ಪಶ್ಚಿಮದಲ್ಲಿ ಒಂದು ರಾತ್ರಿ ಕಡಿಮೆ ಮಾಡಿ ದಿನ ಬದಲಿಸಿಕೊಂಡೆವು.

ಈ ಪ್ರವಾಸ ನನ್ನ ಮಗಳ ಆಸೆ. ಅವಳಿಗೆ ಹದಿನಾರು. ಅವಳು ಓದುವ ಫ್ಯಾಂಟಸಿ ಕಾದಂಬರಿಗಳಲ್ಲಿ, ಆಡುವ ಆಟಗಳಲ್ಲಿ ಬ್ಯಾನ್‌ಶೀ, ಪೂಕಾ, ಮಾರಿಗನ್ ಎಂಬ ಹೆಸರುಗಳು ಬರುತ್ತಲೇ ಇರುತ್ತವೆ. ಅವು ಬಂದದ್ದು ಎಲ್ಲಿಂದ ಎಂದು ಹುಡುಕುತ್ತಾ ಹೋದವಳು ನನ್ನನ್ನೂ ಎಳೆದುಕೊಂಡಳು. ಅದೇ ಹುಚ್ಚು ನಿಮಗೋ ನಿಮ್ಮ ಮನೆಯ ಮಕ್ಕಳಿಗೋ ಇದ್ದರೆ ಒಂದು ಮಾತು ತಿಳಿದಿರಲಿ. ಐರಿಷ್ ಜನಪದದ ಫೇರಿಗಳಿಗೆ ಚಿಟ್ಟೆಯ ರೆಕ್ಕೆ ಇಲ್ಲ, ಮಂತ್ರದಂಡವೂ ಇಲ್ಲ. ಅವರ ಹೆಸರು 'ಈಸ್ ಶೀ', ಅಂದರೆ ದಿಬ್ಬಗಳ ಜನ. 'ಶೀ' ಎಂದರೆ ದಿಬ್ಬ. ಬ್ಯಾನ್‌ಶೀ ಎಂದರೆ ದಿಬ್ಬದ ಹೆಂಗಸು, ಅಷ್ಟೆ. ಕಡಲು ದಾಟಿ ಬಂದ ಮೈಲೀಸಿಯನ್ನರ ಮುಂದೆ ಸೋತ ಟೂಅಹ ಡೇ ಡಾನನ್ ಎಂಬ ದೇವಕುಲದವರು ನೆಲದ ಮೇಲಿನ ರಾಜ್ಯ ಬಿಟ್ಟು ದಿಬ್ಬಗಳೊಳಗೆ ಇಳಿದು ನೆಲೆಸಿದರು ಎನ್ನುತ್ತವೆ ಹಳೆಯ ಕಥೆಗಳು. ಹಾಗಾಗಿ ಈ ಕಥೆಗಳಿಗೆ ವಿಳಾಸವಿದೆ. ಇಂಥ ಹೊಲ, ಇಂಥ ಗುಡ್ಡ, ಇಂಥ ಮುಳ್ಳುಗಿಡ ಎಂದು ಹೋಗಿ ನೋಡಬಹುದು. ಡಬ್ಲಿನ್ನಿನ ಅಂಗಡಿಗಳಲ್ಲಿ ಹಸಿರು ಟೋಪಿಯ ಲೆಪ್ರಿಕಾನ್ ಗೊಂಬೆ ಕೊಳ್ಳುವ ಸಮಯವನ್ನು ಉಳಿಸಿ ಹೊಲಗಳಿಗೆ ಕೊಡಿ.

ಹೊರಡುವ ಮುನ್ನದ ಕೆಲಸ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದೊಳಗೆ ಐರ್ಲೆಂಡ್ ಇಲ್ಲ, ಆ ವೀಸಾ ಇಟ್ಟುಕೊಂಡು ಹೋದರೆ ಒಳಗೆ ಬಿಡುವುದಿಲ್ಲ. ಭಾರತದ ಪಾಸ್‌ಪೋರ್ಟಿಗೆ ಐರಿಷ್ ವೀಸಾ ಪ್ರತ್ಯೇಕ ಬೇಕು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಕಾಲಿಡುವವರು ಬ್ರಿಟಿಷ್-ಐರಿಷ್ ವೀಸಾ ಯೋಜನೆಯ ಬಗ್ಗೆ ಓದಿಕೊಳ್ಳಿ. ಅದರಲ್ಲಿ ವೀಸಾ ಕೊಟ್ಟ ದೇಶಕ್ಕೇ ಮೊದಲು ಹೋಗಬೇಕು. ಕಾರು ಓಡಿಸುವುದು ನಮ್ಮಂತೆಯೇ ಎಡಗಡೆ, ಆ ಚಿಂತೆ ಬೇಡ. ಹಳ್ಳಿ ರಸ್ತೆಗಳು ಮಾತ್ರ ತೀರಾ ಇಕ್ಕಟ್ಟು, ಎರಡೂ ಬದಿಗೆ ಬೇಲಿ. ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗಿ, ಬಾಡಿಗೆಯವರು ಕೇಳಬಹುದು.

ಇನ್ನೊಂದು ಸಿದ್ಧತೆ ನಮಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಯಿತು. 1937ರಿಂದ 1939ರವರೆಗೆ ಅಲ್ಲಿನ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಕಥೆ, ನಂಬಿಕೆ, ಮನೆಮದ್ದು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದರು. ಸುಮಾರು 7,40,000 ಪುಟಗಳ ಆ ಸಂಗ್ರಹ 'ಡೂಖಸ್' ಎಂಬ ಜಾಲತಾಣದಲ್ಲಿ ಉಚಿತವಾಗಿದೆ. ಊರಿನ ಹೆಸರು ಹಾಕಿ ಹುಡುಕಿದರೆ ಆ ಊರಿನ ಮಗು ಬರೆದ ಪುಟವೇ ಸಿಗುತ್ತದೆ. ನಾವು ಉಳಿಯುವ ಪ್ರತಿ ಊರಿಗೂ ಎರಡು ಮೂರು ಕಥೆ ಓದಿಕೊಂಡು ಹೋದೆವು. ಹೆಸರುಗಳ ಉಚ್ಚಾರವನ್ನು ಕೇಳಿ ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ 'ಸಮ್ಹೈನ್' ಎಂದು ಕಾಣುವ ಹಬ್ಬ ಬಾಯಲ್ಲಿ 'ಸೌವಿನ್', 'ಮೆಡ್ಬ್' ಎಂದು ಕಾಣುವ ಪುರಾಣದ ರಾಣಿ 'ಮೇವ್'. ಮಗಳ ನೋಟ್‌ಬುಕ್ಕಿನ ಕನ್ನಡ ಪಟ್ಟಿ ನೋಡಿ ಓದಿದಾಗ ಅಲ್ಲಿಯವರಿಗೆ ಮೊದಲ ಸಲಕ್ಕೇ ಅರ್ಥವಾಗುತ್ತಿತ್ತು.

ನ್ಯೂಗ್ರೇಂಜ್ ಡಬ್ಲಿನ್ನಿನಿಂದ ಸುಮಾರು 50 ಕಿಲೋಮೀಟರ್. ನೇರ ದಿಬ್ಬದ ಬಳಿ ಕಾರು ಒಯ್ಯುವಂತಿಲ್ಲ. ಬ್ರೂ ನ ಬೋನ್ಯ ಸಂದರ್ಶಕರ ಕೇಂದ್ರದಿಂದ ಅವರದೇ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ಕ್ರಿ.ಪೂ. 3200ರ ಸುಮಾರಿನ ಕಟ್ಟಡ. 19 ಮೀಟರ್ ಉದ್ದದ ಹಾದಿಯಲ್ಲಿ ಅಲ್ಲಲ್ಲಿ ಬಗ್ಗಿ, ಮೈ ಓರೆ ಮಾಡಿ ನುಸುಳಬೇಕು. ಇಕ್ಕಟ್ಟೆಂದರೆ ಭಯಪಡುವವರು ಮೊದಲೇ ಯೋಚಿಸಿ. ಒಳಗೆ ಫೋಟೊ ತೆಗೆಯುವಂತಿಲ್ಲ. ಚಳಿಗಾಲದ ಅಯನ ಸಂಕ್ರಾಂತಿಯ ಬೆಳಿಗ್ಗೆ 17 ನಿಮಿಷ ಸೂರ್ಯನ ಬೆಳಕು ಹಾದಿಯ ಕೊನೆಯ ಗರ್ಭಗುಡಿಯಂಥ ಕೋಣೆಯವರೆಗೆ ಬರುತ್ತದೆ. ಆ ದಿನಗಳಿಗೆ ಲಾಟರಿಯಲ್ಲಿ ಹೆಸರು ಬರಬೇಕು. ಉಳಿದವರಿಗೆ ದೀಪ ಆರಿಸಿ, ಕತ್ತಲು ಮಾಡಿ, ವಿದ್ಯುತ್ ಬೆಳಕಿನಿಂದ ಅದನ್ನು ತೋರಿಸುತ್ತಾರೆ. ಅದೇ ಸಾಕು ಎನಿಸಿತು.

ಈ ದಿಬ್ಬ ದೇವತೆ ಆಂಗಸ್‌ನ ಮನೆ. ಅವನು ಇದನ್ನು ದೇವಕುಲದ ಹಿರಿಯ ದಾಗ್ದನಿಂದ ಪಡೆದ ಕಥೆ ಕನ್ನಡದವರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ. 'ಹಗಲು ರಾತ್ರಿ ಇರಲು ಬಿಡು' ಎಂದು ಕೇಳಿದ. ದಾಗ್ದ ಒಂದು ಹಗಲು, ಒಂದು ರಾತ್ರಿ ಎಂದುಕೊಂಡು ಒಪ್ಪಿದ. ಅವಧಿ ಮುಗಿದಾಗ ಆಂಗಸ್, 'ಲೋಕವೆಲ್ಲ ಹಗಲು ರಾತ್ರಿಯಿಂದಲೇ ಆದದ್ದು, ನನಗೆ ಕೊಟ್ಟದ್ದೂ ಅದೇ' ಎಂದು ಕೂತುಬಿಟ್ಟ. ಹಳೆಯ ಐರಿಷ್‌ನಲ್ಲಿ 'ಒಂದು' ಎಂದು ಹೇಳದೆಯೂ ಎರಡೂ ಅರ್ಥ ಬರುತ್ತದೆ, ನಮ್ಮಲ್ಲಿಯಂತೆ. ಇಂಗ್ಲಿಷ್‌ನಲ್ಲಿ ಈ ಜಾಣತನ ವಿವರಿಸಲು ಟಿಪ್ಪಣಿ ಬೇಕಾಗುತ್ತದೆ. ಕತ್ತಲಲ್ಲಿ ಮಗಳು ಇದನ್ನು ಕಿವಿಯಲ್ಲಿ ಹೇಳಿದಾಗ ನನಗೆ ರೋಮಾಂಚನವಾಯಿತು.

ತಾರಾ ಬೆಟ್ಟವನ್ನು ಅದೇ ದಿನ ಮುಗಿಸಬಹುದು, ಟಿಕೆಟ್ ಇಲ್ಲ. ಅಲ್ಲಿ ಹಾಥಾರ್ನ್ ಎಂಬ ಮುಳ್ಳುಗಿಡಕ್ಕೆ ಬಟ್ಟೆ ಕಟ್ಟಿರುತ್ತಾರೆ. ದಯವಿಟ್ಟು ನೀವು ಕಟ್ಟಬೇಡಿ. ಹಿಂದೆ ಕಟ್ಟುತ್ತಿದ್ದದ್ದು ಕೊಳೆತು ಹೋಗುವ ಹತ್ತಿ, ಉಣ್ಣೆ. ಈಗಿನ ಪ್ಲಾಸ್ಟಿಕ್ ದಾರ ಕೊಂಬೆಯನ್ನು ಬಿಗಿದು ಕೊಲ್ಲುತ್ತದೆ.

ಅಲ್ಲಿಂದ ಪಶ್ಚಿಮಕ್ಕೆ. ರಾಸ್‌ಕಾಮನ್ ಜಿಲ್ಲೆಯ ಟಲ್ಸ್ಕ್ ಎಂಬ ಸಣ್ಣ ಊರಿನಲ್ಲಿ ರಾತ್‌ಕ್ರೋಹನ್ ಕೇಂದ್ರವಿದೆ. ಮೇವ್ ರಾಣಿಯ ರಾಜಧಾನಿ ಎನ್ನುವ ನೆಲ, ಸುತ್ತಮುತ್ತ 240ರಷ್ಟು ಪುರಾತನ ತಾಣಗಳು. ಹೆಚ್ಚಿನವು ರೈತರ ಹುಲ್ಲುಗಾವಲಿನಲ್ಲಿವೆ, ನೋಡುವವರಿಗೆ ಬರೀ ದಿಣ್ಣೆ, ತಗ್ಗು. ಮಾರ್ಗದರ್ಶಿ ಇಲ್ಲದೆ ಹೋದರೆ ಕುರಿಗಳನ್ನಷ್ಟೇ ನೋಡಿ ಬರುತ್ತೀರಿ. ಕೇಂದ್ರದವರ ಪ್ರವಾಸವನ್ನೇ ಮುಂಗಡ ಕಾದಿರಿಸಿ. ಅದರಲ್ಲೇ ಬೆಕ್ಕುಗಳ ಗವಿ ಎಂಬ ಓವೀನಗ್ಯಾಟ್ ಸಿಗುತ್ತದೆ. ಮುಳ್ಳುಗಿಡದ ಕೆಳಗೆ ಒಂದು ಸಣ್ಣ ಬಾಯಿ. ಮಂಡಿಯೂರಿ, ಕೆಸರಿನಲ್ಲಿ ತೆವಳಿ ಇಳಿಯಬೇಕು. ಬಾಗಿಲ ಮೇಲಿನ ಕಲ್ಲಿನಲ್ಲಿ ಐರ್ಲೆಂಡಿನ ಪುರಾತನ ಓಘಂ ಲಿಪಿಯ ಗೀರುಗಳು: 'ಮೇವ್‌ನ ಮಗ ಫ್ರೇಖ್‌ನದು'. ಸೌವಿನ್ ಹಬ್ಬದ ರಾತ್ರಿ, ಅಂದರೆ ಅಕ್ಟೋಬರ್ 31ರಂದು, ಯುದ್ಧದೇವತೆ ಮಾರಿಗನ್ ಮತ್ತು ಅನ್ಯಲೋಕದ ಭಯಂಕರ ಜೀವಿಗಳು ಇಲ್ಲಿಂದ ಮೇಲೆ ಬರುತ್ತಿದ್ದವೆಂಬುದು ಕಥೆ. ಹ್ಯಾಲೊವೀನ್ ಬೆಳೆದದ್ದು ಆ ಹಬ್ಬದಿಂದ. ಹಳೆಯ ಪ್ಯಾಂಟು, ಗಮ್‌ಬೂಟು, ಹಣೆಗೆ ಕಟ್ಟುವ ಟಾರ್ಚು ಬೇಕೇ ಬೇಕು. ಕಾರಿನಲ್ಲಿ ಇನ್ನೊಂದು ಜೊತೆ ಬಟ್ಟೆ ಇಡಿ. ಮೊಣಕಾಲು ನೋವಿದ್ದವರು ಹೊರಗೇ ನಿಲ್ಲಿ. ಇಡೀ ಪ್ರವಾಸದಲ್ಲಿ ಒಂದೇ ಜಾಗ ಆರಿಸು ಎಂದರೆ ನಾನು ಈ ಗವಿಯನ್ನೇ ಆರಿಸುತ್ತೇನೆ.

ಸ್ಲೈಗೋದ ನಾಕ್‌ನರೇ ಬೆಟ್ಟ 327 ಮೀಟರ್, ಎತ್ತರ ಹೆಚ್ಚಲ್ಲ, ಗಾಳಿ ಹೆಚ್ಚು. ಮೊದಲ ದಿನ ಮಳೆಗೆ ಅರ್ಧದಿಂದ ವಾಪಸು ಬಂದೆವು, ಮರುದಿನ ಹತ್ತಿದೆವು. ಸ್ಲೈಗೋಗೆ ಒಂದೇ ದಿನ ಇಡಬೇಡಿ ಎನ್ನುವುದು ಇದಕ್ಕೇ. ತುದಿಯಲ್ಲಿ ಮೇವ್‌ಳ ಕಲ್ಲುರಾಶಿ. ಶತ್ರುಗಳ ಕಡೆ ಮುಖಮಾಡಿ ನಿಂತಂತೆಯೇ ಅವಳನ್ನು ಹೂಳಿದರಂತೆ. ರಾಶಿಯ ಮೇಲೆ ಹತ್ತಬೇಡಿ, ಒಂದು ಕಲ್ಲನ್ನೂ ತರಬೇಡಿ. ಕೆಳಗಿನ ಕ್ಯಾರೋಮೋರ್ ಸಮಾಧಿಗಳನ್ನು ಒಂದು ಗಂಟೆಯಲ್ಲಿ ನೋಡಬಹುದು.

ಅಲ್ಲಿ ನಾವು ಉಳಿದ ಮನೆಯ ಹಿರಿಯರ ಹೊಲದಲ್ಲೇ ಒಂದು ದುಂಡನೆಯ ಮಣ್ಣಿನ ಕೋಟೆಯಿತ್ತು. ಇಂಥವು ಆ ದೇಶದಲ್ಲಿ ಹತ್ತಾರು ಸಾವಿರ ಇವೆ. ಸಾವಿರ ವರ್ಷಕ್ಕೂ ಹಿಂದಿನ ರೈತರ ಮನೆಯಂಗಳಗಳು ಎನ್ನುತ್ತಾರೆ ಪುರಾತತ್ವದವರು, ಜನ ಅವನ್ನು ಫೇರಿ ಕೋಟೆ ಎನ್ನುತ್ತಾರೆ. ಹಿರಿಯರು ಅದರ ಸುತ್ತ ಉತ್ತಿದ್ದರೇ ಹೊರತು ಒಳಗೆ ನೇಗಿಲು ಹಾಕಿರಲಿಲ್ಲ. ಯಾಕೆಂದು ಕೇಳಿದೆ. 'ನಮ್ಮಪ್ಪ ಹಾಕಲಿಲ್ಲ' ಎಂದರು. ಮಲೆನಾಡಿನ ನಮ್ಮ ಮನೆಯ ಚೌಡಿಬನಕ್ಕೂ ಇದೇ ಉತ್ತರ. ಮಾತಾಡುವಾಗ ಅವರು 'ಫೇರಿ' ಎನ್ನಲೇ ಇಲ್ಲ, 'ಒಳ್ಳೆಯ ಜನ' ಎಂದರು. ರಾತ್ರಿ ಹೊತ್ತು ನಮ್ಮಜ್ಜಿ ಹಾವನ್ನು 'ಹುಳ' ಎನ್ನುತ್ತಿದ್ದಂತೆ. ಖಾಸಗಿ ಹೊಲಕ್ಕೆ ಕೇಳದೆ ಕಾಲಿಡಬೇಡಿ. ಕೇಳಿದರೆ ಬಹುತೇಕ ಬಿಡುತ್ತಾರೆ, ಗೇಟು ಮಾತ್ರ ಇದ್ದ ಹಾಗೇ ಬಿಡಿ.

ಮಕ್ಕಳೊಂದಿಗೆ ಹೋಗುವವರು ಬ್ರಿಜೆಟ್ ಕ್ಲಿಯರಿಯ ವಿಷಯವನ್ನೂ ಮಾತಾಡಬೇಕು ಎಂದು ನನ್ನ ಅಭಿಪ್ರಾಯ. ಟಿಪ್ಪರೇರಿಯ ದರ್ಜಿ ಹೆಂಗಸು, 26 ವರ್ಷ. 1895ರ ಮಾರ್ಚ್‌ನಲ್ಲಿ ಕಾಯಿಲೆ ಬಿದ್ದಾಗ, ಇವಳು ನನ್ನ ಹೆಂಡತಿಯಲ್ಲ, ಫೇರಿಗಳು ಬದಲಿಸಿಟ್ಟವಳು ಎಂದು ಗಂಡ ಸುಟ್ಟು ಕೊಂದ. ಆಮೇಲೆ ನಿಜವಾದ ಹೆಂಡತಿ ಬಿಳಿ ಕುದುರೆಯ ಮೇಲೆ ಬರುತ್ತಾಳೆಂದು ಹತ್ತಿರದ ಕೋಟೆಯಲ್ಲಿ ರಾತ್ರಿಗಳನ್ನು ಕಾದ. ಆಟಗಳಲ್ಲಿ 'ಚೇಂಜ್‌ಲಿಂಗ್' ಒಂದು ಪಾತ್ರದ ಹೆಸರು. ಅದರ ಹಿಂದೆ ಈ ಹೆಂಗಸೂ ಇದ್ದಾಳೆ. ಮಗಳು ಅಂದು ರಾತ್ರಿ ಬಹಳ ಹೊತ್ತು ಸುಮ್ಮನಿದ್ದಳು.

ಊಟದ ವಿಷಯ: ಸಸ್ಯಾಹಾರಿಗಳಿಗೆ ಹಳ್ಳಿಗಳಲ್ಲಿ ಸೂಪು, ಸೋಡಾ ಬ್ರೆಡ್ಡು, ಆಲೂಗಡ್ಡೆ. ಸೂಪಿಗೆ ಮಾಂಸದ ನೀರು ಹಾಕಿದ್ದಾರಾ ಎಂದು ಕೇಳಿಕೊಳ್ಳಿ. ಚಟ್ನಿಪುಡಿ ನಮ್ಮನ್ನು ಕಾಪಾಡಿತು.

ಕೊನೆಯ ದಿನ ಕ್ಲೇರ್ ಜಿಲ್ಲೆಯ ಲಟೂನ್ ಮುಳ್ಳುಗಿಡ. ಮನ್‌ಸ್ಟರ್ ಪ್ರಾಂತದ ದಿಬ್ಬದ ಜನ ಪಕ್ಕದ ಕಾನಾಟ್ ಪ್ರಾಂತದವರ ಮೇಲೆ ಯುದ್ಧಕ್ಕೆ ಹೊರಡುವಾಗ ಇಲ್ಲಿ ಸೇರುತ್ತಿದ್ದರಂತೆ. 1999ರಲ್ಲಿ ಹೆದ್ದಾರಿಗಾಗಿ ಇದನ್ನು ಕಡಿಯಲು ಹೊರಟಾಗ ಕಥೆಗಾರ ಎಡ್ಡಿ ಲೆನಿಹನ್ ಎದುರು ನಿಂತರು, ರಸ್ತೆಯ ಯೋಜನೆ ಬದಲಾಯಿತು. 2002ರಲ್ಲಿ ಯಾರೋ ಗರಗಸದಿಂದ ಕೊಂಬೆಗಳನ್ನೆಲ್ಲ ಕತ್ತರಿಸಿದರು, ಗಿಡ ಮತ್ತೆ ಚಿಗುರಿತು. ಅಲ್ಲಿ ಕಾರು ನಿಲ್ಲಿಸುವ ಜಾಗವಿಲ್ಲ, ಹೆದ್ದಾರಿಯಲ್ಲಿ ನಿಲ್ಲಿಸುವ ಸಾಹಸ ಬೇಡ. ಓಡಿಸುವವರು ರಸ್ತೆ ನೋಡಲಿ, ಪಕ್ಕದಲ್ಲಿ ಕೂತವರು ಗಿಡ ನೋಡಲಿ. ನಾವು ಮೊದಲ ಸಲ ದಾಟಿ ಹೋಗಿ, ಮುಂದಿನ ವೃತ್ತದಲ್ಲಿ ತಿರುಗಿ ಬಂದೆವು. ಬೇಲಿಯೊಳಗೆ, ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು, ಕೊಂಬೆಗಳಲ್ಲಿ ಕೆಂಪು ಹಣ್ಣು. 'ಅಮ್ಮಾ, ಮೇ ತಿಂಗಳಲ್ಲಿ ಬಿಳಿ ಹೂ ಬಿಡತ್ತೆ' ಎಂದಳು ಮಗಳು, ಕತ್ತು ತಿರುಗಿಸಿ ಹಿಂದಿನ ಗಾಜಿನಲ್ಲಿ ಅದನ್ನೇ ನೋಡುತ್ತಾ.